ಲಕ್ಕಿಗೆ ಹೇಳಿದ ಮಾತು

ದಿವ್ಯಶ್ರೀ ಆ ಮಾತನ್ನು ಹೇಳಿದ್ದು ಅಡುಗೆಯ ಲಕ್ಕಿಯ ಹತ್ತಿರ ಎಂದು ಕೇಳಿದಾಗ ಜಯಶ್ರೀಗೆ ಮೊದಲು ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಹೆಡ್‌ಮಾಸ್ತರ ಕೋಣೆಯ ಬೆತ್ತದ ಕುರ್ಚಿಗೆ ಸಿಕ್ಕಿಕೊಂಡ ಸೀರೆಯ ನೂಲನ್ನು ಬಿಡಿಸುತ್ತ ಅವಳು "ಲಕ್ಕಿ ಹತ್ರವ?" ಎಂದು ಕೇಳಿದಳು, ಉತ್ತರ ಬಂದ ಮೇಲೂ ಇನ್ನೊಮ್ಮೆ ಅದನ್ನೇ ಕೇಳಿದಳು. ನಾಗಪತಿ ಸರ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ನಿನ್ನೆ ಬಿಸಿಯೂಟ ಮುಗಿದ ಮೇಲೆ ತಟ್ಟೆ ತೊಳೆಯಲು ಹೋದ ಹುಡುಗಿ ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಕೂತುಬಿಟ್ಟಿದ್ದಳು. ತಟ್ಟೆಯಲ್ಲಿ ಅನ್ನ ಬಡಿಸಿದ ಹಾಗೇ ಇತ್ತು. ಲಕ್ಕಿ ಪಕ್ಕಕ್ಕೆ ಹೋಗಿ ಕೂತು, ಕುಮಟೆಯ ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ ಸುತ್ತುಬಳಸದೆ, ಸಾಯಬೇಕು ಅನ್ನಿಸುತ್ತದೆಯೇ ಎಂದು ಕೇಳಿದಳು. ಹುಡುಗಿ ಹೌದು ಎಂದಳು. ಬೆಳಿಗ್ಗೆ ಏಳುವುದೇ ಬೇಡ ಅನ್ನಿಸುತ್ತದೆ, ತಿಂಗಳ ಮೇಲಾಯಿತು ಎಂದಳು. ಲಕ್ಕಿ ಒಂದು ಗಳಿಗೆಯೂ ಅವಳನ್ನು ಒಂಟಿಯಾಗಿ ಬಿಡದೆ ಕೈ ಹಿಡಿದು ನೇರ ಈ ಕೋಣೆಗೆ ಕರೆತಂದಳು. ಸಹಾಯವಾಣಿಗೆ ಫೋನು, ಹೊಳೆಯಾಚೆ ಕಾಸರಕೋಡಿನ ಮನೆಯಿಂದ ತಾಯಿಯನ್ನು ಕರೆಸಿದ್ದು, ಎಲ್ಲ ನಡೆದದ್ದು ನಾಲ್ಕು ಗಂಟೆಯೊಳಗೆ. ಆ ಹೊತ್ತಿಗೆ ತಾನು ಗೋಡೆಯ ಆಚೆ, ಸ್ಟಾಫ್ ರೂಮಿನಲ್ಲಿ, ಒಂಬತ್ತನೆಯವರ ಪ್ರಬಂಧ ತಿದ್ದುತ್ತಿದ್ದೆ ಎಂಬುದು ಜಯಶ್ರೀಗೆ ನೆನಪಾಯಿತು.

"ನಾನು ಇಲ್ಲೇ ಇದ್ದೆ ಸರ್. ಕ್ಲಾಸ್ ಟೀಚರ್ ನಾನು. ಕರೀಬಹುದಿತ್ತು."

ನಾಗಪತಿ ಸರ್ ಪೇಪರ್‌ವೇಟನ್ನು ಒಂದು ಸುತ್ತು ತಿರುಗಿಸಿದರು. "ಕರೀಲಾ ಅಂತ ಕೇಳಿದೆ ಮೇಡಂ. ಹುಡುಗಿ ಬೇಡ ಅಂತು."

ಆಮೇಲೆ ಅವರು ಹೇಳಿದ್ದೆಲ್ಲ ಅವಳ ಕಿವಿಯ ಹೊರಗೇ ನಿಂತಿತು. ಹುಡುಗಿ ಇವತ್ತು ಶಾಲೆಗೆ ಬಂದಿದ್ದಾಳೆ. ಯಾರೂ ಏನೂ ಕೆದಕಿ ಕೇಳುವುದು ಬೇಡ. ಗುರುವಾರ ಹೊನ್ನಾವರದ ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಆದರೆ ತಾಯಿ ಒಪ್ಪುತ್ತಿಲ್ಲ, ನಮ್ಮ ಹುಡುಗಿಗೆ ಏನೂ ಆಗಿಲ್ಲ ಎನ್ನುತ್ತಾರೆ. ನೀವೊಮ್ಮೆ ಮಾತಾಡಿ ನೋಡಿ. ವಿಷಯ ನಮ್ಮ ಮೂವರಲ್ಲೇ ಇರಲಿ. ಮೂವರು ಎಂದರೆ ನಾಗಪತಿ ಸರ್, ತಾನು, ಲಕ್ಕಿ. ಆ ಲೆಕ್ಕದಲ್ಲಿ ತಾನು ಕೊನೆಗೆ ಸೇರಿದವಳು ಎಂದುಕೊಳ್ಳುತ್ತ ಜಯಶ್ರೀ ಹಾಜರಿ ಪುಸ್ತಕ ಎದೆಗೊತ್ತಿಕೊಂಡು ಹೊರಗೆ ಬಂದಳು. ಹುಡುಗಿ ಬೇಡ ಅಂತು. ಯಾವ ದನಿಯಲ್ಲಿ ಅಂದಿರಬಹುದು? ತಲೆಯನ್ನು ಬರಿದೆ ಅಲ್ಲಾಡಿಸಿದಳೋ, ಬಾಯಿಬಿಟ್ಟು ಹೇಳಿದಳೋ? ಕಾರಿಡಾರಿನ ತುದಿಗೆ ಅಡುಗೆಮನೆಯ ಹೊಗೆ ಬರುತ್ತಿತ್ತು. ಅದರೊಳಗಿಂದ ಲಕ್ಕಿ ಜೊತೆಯ ಅಡುಗೆಯವಳು ಹೊನ್ನಮ್ಮನನ್ನು ಯಾವುದಕ್ಕೋ ಗದರುವುದು ಕೇಳಿಸಿತು, ಎಂದಿನ ಹಾಗೆ, ಏನೂ ಆಗಿಲ್ಲವೆಂಬ ಹಾಗೆ.

ಹತ್ತನೆಯ ತರಗತಿಯಲ್ಲಿ ದಿವ್ಯಶ್ರೀ ಎರಡನೆಯ ಬೆಂಚಿನ ಗೋಡೆ ಪಕ್ಕದಲ್ಲಿ ಕೂತಿದ್ದಳು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಪುಸ್ತಕದ ಮೇಲೆ ನೆಟ್ಟ ಕಣ್ಣು. ಜಯಶ್ರೀ ಪಾಠ ಶುರುಮಾಡಿ, ಒಂದು ಪ್ಯಾರಾ ಓದಿ, ಅದನ್ನೇ ಮತ್ತೆ ಓದಿದಳು. ಈ ಹುಡುಗಿಯ ನಾಲಿಗೆಯನ್ನು ತಿದ್ದಿದವಳೇ ತಾನು. ಎಂಟನೆಯ ತರಗತಿಗೆ ಬಂದಾಗ ಮನೆಯಲ್ಲಿ ಕೊಂಕಣಿ ಮಾತಾಡುವ ಈ ಮೀನುಗಾರ ಖಾರ್ವಿಯವರ ಹುಡುಗಿ ಕನ್ನಡದ ವಾಕ್ಯವೊಂದನ್ನು ನೆಟ್ಟಗೆ ಮುಗಿಸುತ್ತಿರಲಿಲ್ಲ. ಶನಿವಾರ ಶನಿವಾರ ನಿಲ್ಲಿಸಿಕೊಂಡು, ಶಕಾರಕ್ಕೂ ಸಕಾರಕ್ಕೂ ಇರುವ ಅಂತರವನ್ನು ಹಲ್ಲಿನ ಹಿಂದೆ ನಾಲಿಗೆ ಇಟ್ಟು ತೋರಿಸಿ, ಹಕಾರ ನುಂಗಿದಾಗೆಲ್ಲ ಮೇಜು ತಟ್ಟಿ, ಕವನ ವಾಚನಕ್ಕೆ ತಯಾರು ಮಾಡಿದ್ದಳು. ಹೋದ ವರ್ಷ ತಾಲೂಕಿಗೇ ಮೊದಲು ಬಂದಾಗ ಹುಡುಗಿ ವೇದಿಕೆಯಿಂದ ಇಳಿದು ಓಡಿಬಂದು ಅಪ್ಪಿಕೊಂಡದ್ದು ಇವಳನ್ನು. ಅಕ್ಕೋರೆ, ಅಕ್ಕೋರೆ ಎಂದು ಹಿಂದೆ ಮುಂದೆ ತಿರುಗಿದ್ದು ಇವಳ ಸುತ್ತ. ಬೇರೆ ಟೀಚರುಗಳು "ನಿಮ್ಮ ಮಗಳು ಬಂತು ನೋಡಿ" ಎಂದು ಚೇಷ್ಟೆ ಮಾಡುತ್ತಿದ್ದರು. ಜಯಶ್ರೀ ಸಿಟ್ಟು ಬಂದವರ ಹಾಗೆ ಮುಖ ಮಾಡುತ್ತಿದ್ದಳು, ಅವರು ಇನ್ನೊಮ್ಮೆ ಹೇಳಲಿ ಎಂದು. ಅವಳು ಹುಟ್ಟಿದ ಹಿರೇಗುತ್ತಿಯ ನಾಯಕರ ಮನೆಯಲ್ಲಿ ಅಜ್ಜನಿಂದ ಹಿಡಿದು ಎಲ್ಲರೂ ಮಾಸ್ತರರು, ಅಕ್ಕೋರುಗಳು. ಮಕ್ಕಳ ಪ್ರೀತಿ ಎಂಬುದು ಪಿಂಚಣಿಯ ಹಾಗೆ ತಮಗೆ ಬಂದೇ ಬರುವುದು ಎಂದು ಅವಳು ನಂಬಿದ್ದಳು.

ಎರಡು ವಾರದ ಹಿಂದೆ, ಭಟ್ಕಳ ಹೊನ್ನಾವರ ಕುಮಟಾ ಮೂರೂ ಕಡೆಯ ಶಾಲೆಗಳವರನ್ನು ಕುಮಟೆಗೆ ಕರೆಸಿದ್ದರು. ಮಕ್ಕಳ ಆತ್ಮಹತ್ಯೆ ತಡೆಯುವ ತರಬೇತಿ, ಶಾಲೆಯಲ್ಲಿ ಕೆಲಸ ಮಾಡುವ ಎಲ್ಲರಿಗೂ ಕಡ್ಡಾಯ, ಗುಮಾಸ್ತರಿಗೂ ಅಡುಗೆಯವರಿಗೂ. ಸೌಟು ಹಿಡಿಯುವವರಿಗೆ ಇದೆಲ್ಲ ಎಂತಕ್ಕೆ, ಇನ್ನು ಗಂಟೆ ಹೊಡೆಯುವ ಕೋಲಿಗೂ ತರಬೇತಿ ಕೊಡ್ತಾರೆ ಎಂದು ಬಸ್ಸಿನಲ್ಲಿ ತಮಾಷೆ ಮಾಡಿದವಳು ಜಯಶ್ರೀಯೇ. ಲಕ್ಕಿ ಎರಡು ಸೀಟು ಮುಂದೆ ಕೂತಿದ್ದಳು, ಕೇಳಿಸಿತೋ ಇಲ್ಲವೋ. ಸಭಾಂಗಣದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವಳು ಲಕ್ಕಿ ಒಬ್ಬಳೇ. ಹೇಳಿಕೊಡಲು ಬಂದಿದ್ದ ಅಮಿತಾ ಎಂಬ ಹುಡುಗಿಗೆ ಮೂವತ್ತೂ ಆಗಿರಲಿಕ್ಕಿಲ್ಲ. ಕೇಳಿದ್ದರಿಂದ ಸಾವಿನ ಯೋಚನೆ ಹೊಸದಾಗಿ ತಲೆಗೆ ಬರುವುದಿಲ್ಲ, ಇದ್ದ ಭಾರ ಇಳಿಯುತ್ತದೆ, ಆದ್ದರಿಂದ ನೇರವಾಗಿ ಕೇಳಿ ಎಂದಳು. ಇಬ್ಬಿಬ್ಬರಾಗಿ ಕೇಳಿ ಅಭ್ಯಾಸ ಮಾಡಿ ಎಂದಳು. ಜಯಶ್ರೀಯ ಪಾಲಿಗೆ ಬಂದದ್ದು ಲಕ್ಕಿ. ಜಯಶ್ರೀ ಗಂಟಲು ಸರಿಮಾಡಿಕೊಂಡು, "ಬದುಕಿನ ಬಗ್ಗೆ ನಿನಗೇನಾದರೂ ಜಿಗುಪ್ಸೆಯ ಭಾವನೆ ಮೂಡುತ್ತಿದೆಯೆ?" ಎಂದು ಕೇಳಿದಳು. ಲಕ್ಕಿ, "ಎಂತ ಅಕ್ಕೋರೆ?" ಎಂದಳು. ಸುತ್ತಲಿನ ನಾಲ್ಕು ಸಾಲು ನಕ್ಕಿತು. ಅಮಿತಾ ಕೂಡ ನಕ್ಕು, ಟೀಚರ್, ಇದಕ್ಕೆ ನಿಘಂಟು ಬೇಕಾಗ್ತದೆ ಎಂದಳು. ಆಮೇಲೆ ಲಕ್ಕಿಯ ಸರದಿ. ಅವಳು ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡು, ಮುಖ ನೋಡಿ, "ತಂಗೀ, ಸಾಯೂಕೆ ಮನ್ಸಾಗ್ತದ್ಯ?" ಎಂದು ಕೇಳಿ ಸುಮ್ಮನಾದಳು. ಉತ್ತರಕ್ಕೆ ಅವಸರವೇ ಇಲ್ಲದ ಮೌನ ಅದು. ನಲವತ್ತೆಂಟು ವರ್ಷದಲ್ಲಿ ಯಾರೂ ತನ್ನನ್ನು ಹೀಗೆ ಮುಖಕ್ಕೆ ಮುಖವಿಟ್ಟು ಏನನ್ನೂ ಕೇಳಿಲ್ಲ ಎಂದು ಜಯಶ್ರೀಗೆ ಹೊಳೆಯಿತು. "ಇಲ್ಲ ಇಲ್ಲ" ಎಂದು ಬೇಗ ಹೇಳಿಬಿಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದ್ದು ಲಕ್ಕಿಗೆ.

ಅದೇ ಮಧ್ಯಾಹ್ನ ಅಮಿತಾ ಲಕ್ಷಣಗಳ ಪಟ್ಟಿ ತೋರಿಸಿದ್ದಳು. ಜಯಶ್ರೀ ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು. ತಮಗೆ ಪ್ರೀತಿಯಾದ ವಸ್ತುಗಳನ್ನು ಬೇರೆಯವರಿಗೆ ಕೊಟ್ಟುಬಿಡುವುದು ಎಂಬ ಸಾಲಿಗೆ ಬಂದಾಗ ಪೆನ್ನು ಒಂದು ಕ್ಷಣ ನಿಂತಿತು. ದಸರಾ ರಜೆಗೆ ಮೊದಲಿನ ದಿನ ದಿವ್ಯಶ್ರೀ ಆ ಕವನ ವಾಚನದ ಬಹುಮಾನದ ಫಲಕವನ್ನು ಪೇಪರಿನಲ್ಲಿ ಸುತ್ತಿ ತಂದು ಕೊಟ್ಟಿದ್ದಳು. "ಅಕ್ಕೋರೆ, ಇದು ನಿಮ್ಮತ್ರ ಇರ್ಲಿ." ಯಾಕೆ ಎಂದು ಕೇಳಿದ್ದಕ್ಕೆ, "ಗೆಲ್ಸಿದ್ದು ನೀವೇ ಅಲ್ವ" ಎಂದು ನಕ್ಕಿದ್ದಳು. ಜಯಶ್ರೀ ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿ, ಮನೆಗೆ ಒಯ್ದು, ಹಾಲಿನ ಶೋಕೇಸಿನಲ್ಲಿ ಇಟ್ಟಿದ್ದಳು. ಬಂದವರು ಕೇಳಿದರೆ, ನಮ್ಮ ಹುಡುಗಿಯೊಂದು ಅದೆ, ಎಷ್ಟು ಪ್ರೀತಿ ನೋಡಿ ಎನ್ನುತ್ತಿದ್ದಳು. ತರಬೇತಿಯ ಆ ಸಾಲಿನ ಕೆಳಗೆ ಪೆನ್ನು ನಿಂತದ್ದು ಒಂದೇ ಕ್ಷಣ. ಅದು ಕಂಡಕಂಡವರಿಗೆ ಕೊಡುವವರ ಮಾತು, ನನಗೆ ಕೊಟ್ಟದ್ದು ಬೇರೆ ಎಂದುಕೊಂಡು ಮುಂದಿನ ಸಾಲು ಬರೆದಿದ್ದಳು. ಈಗ ತರಗತಿಯ ನಡುವೆ ನಿಂತು ದಿನ ಎಣಿಸಿದಳು. ತಿಂಗಳ ಮೇಲಾಯಿತು. ಹುಡುಗಿ ಮೊದಲು ಬಂದದ್ದು ತನ್ನ ಹತ್ತಿರವೇ. ಈ ವಿಚಾರ ಒಳಗೆ ಇಳಿದಾಗ ನಾಚಿಕೆಯ ಜೊತೆಗೆ ಒಂದು ಬಗೆಯ ಗೆಲುವೂ ಆಯಿತು, ಮೊದಲು ನನಗೇ ಎಂದು. ಆ ಗೆಲುವು ಕಂಡು ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಯಿತು.

ಊಟದ ಹೊತ್ತಿಗೆ ಅವಳು ಸ್ಟಾಫ್ ರೂಮಿನ ಕಿಟಕಿಯಲ್ಲಿ ನಿಂತಳು. ದಿವ್ಯಶ್ರೀ ಅಡುಗೆಮನೆಯ ಕಟ್ಟೆಯ ಮೇಲೆ ಲಕ್ಕಿಯ ಪಕ್ಕ ಕೂತು ಉಣ್ಣುತ್ತಿದ್ದಳು. ಲಕ್ಕಿ ಅವಳ ಕಡೆ ನೋಡುತ್ತಲೂ ಇರಲಿಲ್ಲ, ಕಾಲು ಚಾಚಿಕೊಂಡು ಎಲೆ ಅಡಿಕೆ ಹಾಕುತ್ತ ಏನೋ ಹೇಳುತ್ತಿದ್ದಳು. ಹುಡುಗಿಯ ಬಾಯಿ ಆಡುತ್ತಿತ್ತು. ಏನು ಹೇಳುತ್ತಿರಬಹುದು? ಲಕ್ಕಿ ಒಮ್ಮೆ ಅವಳ ಬೆನ್ನಿಗೆ ಒಂದು ಹೊಡೆತ ಹಾಕಿದಳು, ದನದ ಬೆನ್ನು ತಟ್ಟಿದ ಹಾಗೆ, ಹುಡುಗಿ ಅಷ್ಟಕ್ಕೇ ನಕ್ಕಳು. ಎರಡು ವರ್ಷ ಶನಿವಾರ ಶನಿವಾರ ತಾನು ಸುರಿದದ್ದು ಈ ಒಂದು ಹೊಡೆತಕ್ಕೆ ಸಮವಾಗಲಿಲ್ಲವೇ? ಆ ಕೈಯಲ್ಲಿ ಅರಿಶಿನದ ಕಲೆ ಇದ್ದಿರಬೇಕು, ಹುಡುಗಿಯ ಬಿಳಿ ಅಂಗಿಯ ಮೇಲೆ ಉಳಿದಿರಬೇಕು. ಹಾಲಕ್ಕಿಯವಳು, ಹೆಬ್ಬೆಟ್ಟು ಒತ್ತುವವಳು ಎಂಬ ಮಾತು ಮನಸ್ಸಿನಲ್ಲಿ ಹಾವಿನ ಹಾಗೆ ತಲೆ ಎತ್ತಿತು. ಜಾತಿ ಗೀತಿ ತನಗೆ ಇಲ್ಲ ಎಂದು ಭಾಷಣ ಮಾಡುತ್ತಿದ್ದವಳು ಜಯಶ್ರೀ. ಕಿಟಕಿ ಬಿಟ್ಟು ಬಂದು ಡಬ್ಬಿ ತೆರೆದಳು. ಎರಡು ತುತ್ತು ಅವಲಕ್ಕಿ ತಿಂದು ಮುಚ್ಚಿಟ್ಟಳು.

ಕೊನೆಯ ಪೀರಿಯಡ್ ಮುಗಿದ ಮೇಲೆ ಅವಳು ದಿವ್ಯಶ್ರೀಯನ್ನು ಲೈಬ್ರರಿ ಕೋಣೆಗೆ ಕರೆದಳು. ಕೆದಕಬೇಡಿ ಎಂದು ಹೆಡ್‌ಮಾಸ್ತರರು ಹೇಳಿದ್ದು ನೆನಪಿತ್ತು. ಕೆದಕುವುದಿಲ್ಲ, ಸುಮ್ಮನೆ ಮಾತಾಡುತ್ತೇನೆ ಎಂದುಕೊಂಡೇ ಬಾಗಿಲು ಅರೆ ಮುಚ್ಚಿದಳು.

"ದಿವ್ಯಾ, ನನ್ನತ್ರ ಹೇಳೂಕೆ ಆಗ್ಲಿಲ್ವ ನಿಂಗೆ?"

"ಎಂತದು ಅಕ್ಕೋರೆ?"

"ನಂಗೆ ಎಲ್ಲ ಗೊತ್ತದೆ."

ಹುಡುಗಿಯ ಮುಖ ನೋಡನೋಡುತ್ತ ಮುಚ್ಚಿಕೊಂಡಿತು. "ನಾನು ನಿನ್ನ ಅಷ್ಟು ಹಚ್ಕೊಂಡಿದ್ದೆ," ಎಂದು ಜಯಶ್ರೀ ಹೇಳುತ್ತ ಹೋದಳು. ತನ್ನ ದನಿ ಅಳುಬುರುಕಾಗುವುದು ಕೇಳಿಸಿದರೂ ನಿಲ್ಲಿಸಲಾಗಲಿಲ್ಲ. "ಲಕ್ಕಿ ಹತ್ರ ಹೇಳ್ದೆ. ನನ್ನತ್ರ ಯಾಕೆ ಹೇಳ್ಲಿಲ್ಲ? ನಾನು ಎಂತ ಮಾಡಿದ್ದೆ?"

ಹುಡುಗಿ ಪುಸ್ತಕದ ಕಪಾಟಿನ ಬೀಗದ ಕಡೆ ನೋಡಿದಳು. "ನಿಮ್ಮತ್ರ ಹೇಳ್ಬೇಕಾದ್ರೆ ಶುದ್ಧ ಹೇಳ್ಬೇಕಲ್ಲ ಅಕ್ಕೋರೆ," ಎಂದಳು. ಅದರಲ್ಲಿ ಕೊಂಕು ಇರಲಿಲ್ಲ. ಮಳೆ ಬಂದರೆ ಕೊಡೆ ಬೇಕಲ್ಲ ಎನ್ನುವ ಹಾಗೆ ಹೇಳಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: "ಲಕ್ಕಮ್ಮ ಎಲ್ಲರತ್ರ ಹೇಳ್ತಾ? ಸರ್‌ಗೆ ಮಾತ್ರ ಹೇಳ್ತೆ ಅಂದಿತ್ತು ನಂಗೆ."

ಇಲ್ಲ ಮಾರಾಯ್ತಿ, ಲಕ್ಕಿ ಯಾರ ಹತ್ತಿರವೂ ಹೇಳಿಲ್ಲ, ನನಗೆ ಹೇಳಿದ್ದು ಸರ್ ಎಂಬ ಮಾತು ಜಯಶ್ರೀಯ ನಾಲಿಗೆಯ ತುದಿಯಲ್ಲಿತ್ತು. ಹೇಳಲು ಒಂದು ಉಸಿರು ಸಾಕಿತ್ತು. ಅವಳು ಹೇಳಲಿಲ್ಲ. ಸುಮ್ಮನೆ ನಿಂತಳು. ಆ ಸುಮ್ಮನಿರುವಿಕೆಯನ್ನು ಹುಡುಗಿ ಹೌದು ಎಂದು ತಿಳಿದುಕೊಂಡದ್ದು ಅವಳಿಗೆ ಕಂಡಿತು; ಕಣ್ಣಿನಲ್ಲಿ ಏನೋ ಆರಿದ್ದು ಕೂಡ ಕಂಡಿತು. ಹುಡುಗಿ ಚೀಲ ಹೆಗಲಿಗೇರಿಸಿ "ಹೋಗ್ತೆ ಅಕ್ಕೋರೆ" ಎಂದು ಹೊರಟುಹೋದಳು. ಹೊರಗೆ ಆಟದ ಬಯಲಲ್ಲಿ ಲಕ್ಕಿ ಅವಳಿಗಾಗಿ ಕಾಯುತ್ತಿದ್ದವಳು ಕೈ ಎತ್ತಿದಳು. ದಿವ್ಯಶ್ರೀ ಅತ್ತ ನೋಡದೆ ಗೇಟು ದಾಟಿದಳು. ಜಯಶ್ರೀಗೆ ಮನೆಗೆ ಹೋಗುವ ಕುಮಟೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮನೆಯಲ್ಲಿ ಗಂಡ ಮೋಹನ, "ಎಂತ ಆತೆ? ಮುಖ ಹಿಂಗ್ಯಾಕೆ?" ಎಂದು ಕೇಳಿದ. ತಲೆನೋವು ಎಂದಳು. ಶೋಕೇಸಿನ ಕಡೆ ಬೆನ್ನು ಮಾಡಿ ಕೂತು ಚಾ ಕುಡಿದಳು.

ಮರುದಿನ ಹಾಜರಿ ಕರೆಯುವಾಗ ದಿವ್ಯಶ್ರೀಯ ಹೆಸರಿಗೆ ಯಾರೂ ಓಗೊಡಲಿಲ್ಲ. ಜಯಶ್ರೀ ಹೆಸರನ್ನು ಇನ್ನೊಮ್ಮೆ ಕರೆದಳು. ಗೋಡೆ ಪಕ್ಕದ ಜಾಗ ಖಾಲಿ ಇತ್ತು. ಆಗ ಬಂತು, ನಿನ್ನೆ ಬರಬೇಕಿದ್ದ ಹೆದರಿಕೆ. ಹಾಜರಿ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟೇ ಅವಳು ಹೆಡ್‌ಮಾಸ್ತರ ಕೋಣೆಗೆ ಓಡಿದಳು. ನಾಗಪತಿ ಸರ್ ತಾಯಿಯ ನಂಬರಿಗೆ ಮೂರು ಸಲ ಫೋನು ಮಾಡಿದರು. ರಿಂಗಾಗಿ ರಿಂಗಾಗಿ ನಿಂತಿತು. ತಂದೆ ಬೋಟಿನ ಮೇಲೆ ಹೋದವರು, ಸಮುದ್ರದಲ್ಲಿದ್ದಾರೆ. "ನೀವು ಲಕ್ಕಿನ ಕರ್ಕೊಂಡು ಈಗ್ಲೇ ಹೋಗಿ," ಎಂದರು ಅವರು. ಲಕ್ಕಿ ಅಕ್ಕಿ ತೊಳೆಯುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಹೊನ್ನಮ್ಮನಿಗೆ ಎರಡು ಮಾತು ಹೇಳಿ, ಗೇಟಿನಲ್ಲಿ ನಿಂತ ಆಟೋ ಹತ್ತಿದಳು.

ಶರಾವತಿಯ ಸೇತುವೆಯ ಮೇಲೆ ಲಾರಿಗಳು ನಿಂತು ಆಟೋ ತಡೆದು ತಡೆದು ಹೋಗುತ್ತಿತ್ತು. ಕೆಳಗೆ ನೀರು ಅಗಲವಾಗಿ ಹೊಳೆಯುತ್ತಿತ್ತು. ಜಯಶ್ರೀಗೆ ಅದರ ಕಡೆ ನೋಡಲಾಗಲಿಲ್ಲ.

"ನಿನ್ನೆ ಸಂಜೆ ಅದು ನನ್ನ ಮುಖ ನೋಡ್ಲಿಲ್ಲ ಅಕ್ಕೋರೆ," ಎಂದಳು ಲಕ್ಕಿ. "ಮಧ್ಯಾಹ್ನ ಲಾಯ್ಕ ಉಂಡಿತ್ತು. ಎಂತ ಆತೋ."

ಜಯಶ್ರೀ ಹೇಳಿದಳು. ಲೈಬ್ರರಿಗೆ ಕರೆದದ್ದು, ಕೇಳಿದ್ದು, ಹುಡುಗಿ ಕೇಳಿದ್ದು, ತಾನು ಸುಮ್ಮನಿದ್ದದ್ದು. ಹೇಳುವಾಗ ವಾಕ್ಯಗಳು ತುಂಡಾದವು. ಲಕ್ಕಿ ಅವಳನ್ನೇ ನೋಡುತ್ತಿದ್ದಳು. ಬಯ್ಯಬಹುದು ಎಂದು ಜಯಶ್ರೀ ಕಾದಳು, ಬೈದಿದ್ದರೆ ಹಗುರವಾಗುತ್ತಿತ್ತು.

"ಯಾಕೆ ಹಂಗೆ ಮಾಡಿದ್ರಿ?" ಎಂದಳು ಲಕ್ಕಿ.

"ಗೊತ್ತಿಲ್ಲ ಲಕ್ಕೀ."

"ಗೊತ್ತದೆ ನಿಮ್ಗೆ," ಎಂದು ಲಕ್ಕಿ ಮುಖ ಆಚೆ ತಿರುಗಿಸಿದಳು. ಕಾಸರಕೋಡು ಮುಟ್ಟುವವರೆಗೂ ಈಚೆ ತಿರುಗಲಿಲ್ಲ.

ಮನೆಯ ಮುಂದೆ ಬಲೆಯ ಮೇಲೆ ಸಣ್ಣ ಮೀನು ಒಣಗುತ್ತಿತ್ತು. ದಿವ್ಯಶ್ರೀಯ ತಾಯಿ ಕಾಗೆ ಓಡಿಸಲು ಕೋಲು ಹಿಡಿದು ಕೂತಿದ್ದವಳು ಎದ್ದು ನಿಂತಳು. ಫೋನು ಒಳಗೆ ಚಾರ್ಜಿಗೆ ಇಟ್ಟಿದ್ದೆ, ಹುಡುಗಿ ಮಲಗಿದ್ದಾಳೆ, ಹೊಟ್ಟೆನೋವಂತೆ ಎಂದಳು. ಮಲಗಿದ್ದಾಳೆ ಎಂಬುದನ್ನು ಕೇಳಿ ಜಯಶ್ರೀ ಅಲ್ಲಿಯೇ ಜಗಲಿಯ ಕಂಬ ಹಿಡಿದುಕೊಂಡಳು. ಲಕ್ಕಿ ಕೇಳದೆಯೇ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, "ಗೋಡೆ ಬದಿ ಮುಖ ಮಾಡ್ಕಂಡದೆ. ನನ್ನತ್ರ ಮಾತಾಡೂದಿಲ್ಲ ಅಂತದೆ," ಎಂದು ಜಯಶ್ರೀಯ ಮುಖ ನೋಡಿದಳು. ಮುಂದೇನು ಮಾಡಬೇಕೆಂದು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಒಳಗಿನ ಕೋಣೆಯಲ್ಲಿ ಒಂದೇ ಕಿಟಕಿ. ಹುಡುಗಿ ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ಜಯಶ್ರೀ ನೆಲದ ಮೇಲೆ ಕೂತಳು. ದಾರಿಯುದ್ದಕ್ಕೂ ಒಂದು ವಾಕ್ಯ ಜೋಡಿಸಿಕೊಂಡು ಬಂದಿದ್ದಳು. ಅದರಲ್ಲಿ ತಪ್ಪು ತಿಳಿವಳಿಕೆ ಎಂಬ ಶಬ್ದ ಇತ್ತು, ಸಂದರ್ಭ ಎಂಬ ಶಬ್ದ ಇತ್ತು. ಆ ಬೆನ್ನನ್ನು ನೋಡಿದಾಗ ಅದೆಲ್ಲ ಉದುರಿಹೋಯಿತು.

"ದಿವ್ಯಾ, ಲಕ್ಕಿ ಯಾರತ್ರನೂ ಹೇಳ್ಲಿಲ್ಲ. ನಂಗೆ ಹೇಳಿದ್ದು ಸರ್. ನೀ ಕೇಳ್ದಾಗ ನಾ ಸುಮ್ನೆ ಇದ್ದೆ. ಬೇಕಂತ್ಲೇ ಸುಮ್ನೆ ಇದ್ದೆ. ಹೊಟ್ಟೆಕಿಚ್ಚಾಗಿತ್ತು ನಂಗೆ, ನೀ ಅದ್ರತ್ರ ಹೇಳ್ದೆ ಅಂತ."

ಹೊರಗೆ ಕಾಗೆ ಕೂಗಿತು, ಕೋಲು ನೆಲಕ್ಕೆ ಬಡಿದ ಸದ್ದಾಯಿತು. ದಿವ್ಯಶ್ರೀ ತಿರುಗಿ ಇವಳನ್ನು ನೋಡಿದಳು, ಗುರುತಿಲ್ಲದವರನ್ನು ನೋಡುವ ಹಾಗೆ.

"ನಿಮ್ಗೆ ಹೊಟ್ಟೆಕಿಚ್ಚ?"

"ಹೌದು."

"ಲಕ್ಕಮ್ಮನ ಮೇಲೆ?"

"ಹೌದು ಅಂದ್ನಲ್ಲೆ."

ಕ್ಷಮಿಸಿದೆ ಎಂಬಂಥದ್ದು ಯಾವುದೂ ಆ ಮುಖದಲ್ಲಿ ಕಾಣಲಿಲ್ಲ. ಹುಡುಗಿ ಎದ್ದು ಕೂತು ಕೂದಲು ಹಿಂದಕ್ಕೆ ತಳ್ಳಿಕೊಂಡಳು. "ಲಕ್ಕಮ್ಮನ್ನ ಒಳಗೆ ಬರೂಕೆ ಹೇಳಿ," ಎಂದಳು. ಜಯಶ್ರೀ ಅಲ್ಲಿಯೇ ಕೂತಿದ್ದುದನ್ನು ಕಂಡು, ಮೆತ್ತಗೆ, ನೋಯಿಸಬಾರದೆಂಬ ಹಾಗೆ, "ನೀವು ಹೊರಗೆ ಇರಿ ಅಕ್ಕೋರೆ," ಎಂದಳು.

ಜಗಲಿಯಲ್ಲಿ ತಾಯಿ ಇವಳಿಗೆ ಒಂದು ಲೋಟ ನೀರು ಕೊಟ್ಟಳು. ಒಳಗಿಂದ ಲಕ್ಕಿಯ ದನಿ, ಆಮೇಲೆ ಹುಡುಗಿಯ ದನಿ, ಆಮೇಲೆ ಅಳು ಕೇಳಿಬಂತು. ಇಬ್ಬರೂ ಹೆಂಗಸರ ಕಿವಿ ಆ ಬಾಗಿಲ ಕಡೆಗೇ ಇತ್ತು. ತಾಯಿ ಕೋಲಿನ ತುದಿಯಿಂದ ಮಣ್ಣು ಕೆದರುತ್ತ ತಟ್ಟನೆ ಹೇಳಿದಳು: "ನಮ್ಮ ಹುಡ್ಗಿಗೆ ಹುಚ್ಚು ಹಿಡಿದದೆ ಅಂತ ಊರಿಗೆಲ್ಲ ಹೇಳೂಕೆ ಬಂದ್ರ? ಆಸ್ಪತ್ರೆಗೆ ನಾ ಕರ್ಕಂಡು ಹೋಗೂದಿಲ್ಲ. ಹೆತ್ತದ್ದು ನಾನು. ರಾತ್ರಿ ನನ್ನ ಮಗ್ಗಲಲ್ಲೇ ಮಲಗ್ತದೆ. ನನ್ನತ್ರ ಒಂದು ಮಾತು ಹೇಳ್ಲಿಲ್ಲ. ಶಾಲೆ ಅಡ್ಗೆಯವ್ಳತ್ರ ಹೇಳ್ತದೆ ಅಂದ್ರೆ ಅದು ಸುಳ್ಳೇ. ಅವ್ಳೇ ಎಂತದೋ ಹೇಳ್ಸಿದ್ದಾಳೆ." ಆ ಕೊನೆಯ ಮಾತಿನ ಉರಿ ಜಯಶ್ರೀಗೆ ಪರಿಚಯದ್ದು. ನಿನ್ನೆಯಿಂದ ತನ್ನ ಹೊಟ್ಟೆಯಲ್ಲಿ ಇದ್ದದ್ದು ಬೇರೆಯವರ ಬಾಯಿಂದ ಬಂದದ್ದನ್ನು ಕೇಳಿ ಅವಳಿಗೆ ನಾಚಿಕೆಯೂ ಆಯಿತು, ಈ ಹೆಂಗಸಿನ ಪಕ್ಕ ಇನ್ನಷ್ಟು ಹತ್ತಿರ ಕೂರಬೇಕು ಎಂದೂ ಅನ್ನಿಸಿತು.

"ನನ್ನತ್ರನೂ ಹೇಳ್ಲಿಲ್ಲ," ಎಂದಳು ಜಯಶ್ರೀ. "ಎರಡು ವರ್ಷ ಕೂರಿಸ್ಕೊಂಡು ಕಲಿಸಿದೆ. ಹೇಳ್ಲಿಲ್ಲ. ಆದ್ರೆ ಒಂದು ಸಾಮಾನು ಕೊಟ್ಟಿತ್ತು." ಫಲಕದ ವಿಷಯ ಹೇಳಿದಳು. ಪ್ರೀತಿಯ ವಸ್ತು ಹೀಗೆ ಕೊಟ್ಟುಬಿಡುವುದು ಎಂದರೆ ಏನು ಅರ್ಥ ಎಂದು ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನು ಹೇಳಿದಳು, ತಾನದನ್ನು ಬರೆದುಕೊಂಡೂ ತಿಳಿದುಕೊಳ್ಳದೇ ಹೋದದ್ದನ್ನು ಹೇಳಿದಳು. "ನಂಗೆ ಕೊಟ್ಟದ್ದಲ್ವ ಅಂತ ಖುಷಿಯಾಗಿತ್ತು. ಅಷ್ಟೇ ಕಂಡಿತ್ತು ನಂಗೆ."

ಕೋಲು ನಿಂತಿತು. ಕಾಗೆಯೊಂದು ಬಲೆಯ ಅಂಚಿಗೆ ಬಂದು ಕೂತರೂ ತಾಯಿ ಓಡಿಸಲಿಲ್ಲ.

"ಚಂದನಾಗೆ ಓಲೆ ಕೊಟ್ಟಿತ್ತು," ಎಂದಳು ಕೊನೆಗೆ. ಚಂದನಾ ಎಂದರೆ ಚಿಕ್ಕ ಮಗಳು. "ಬಂಗಾರದ್ದು. ಅಜ್ಜಿ ಮಾಡಿಸಿ ಕೊಟ್ಟದ್ದು. ಸ್ನಾನಕ್ಕೂ ತೆಗೀತಿರ್ಲಿಲ್ಲ ಅದ್ನ. ಹಬ್ಬದ ದಿನ ತಂಗಿ ಕಿವಿಗೆ ತಾನೇ ಹಾಕಿತ್ತು. ನಾನು... ದೊಡ್ಡಾತು ನನ್ನ ಮಗ್ಳು, ಬುದ್ಧಿ ಬಂತು ಅಂತ ಅಕ್ಕಪಕ್ಕದವ್ರಿಗೆಲ್ಲ ಹೇಳಿದ್ದೆ." ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಜಯಶ್ರೀ ಅವಳ ಕೈ ಹಿಡಿಯಲೋ ಬೇಡವೋ ಎಂದು ಅನುಮಾನಿಸಿ, ಹಿಡಿದಳು. ಮೀನಿನ ವಾಸನೆಯ ಆ ಕೈ ಬಿಗಿಯಾಗಿ ತಿರುಗಿ ಹಿಡಿಯಿತು. "ಆಸ್ಪತ್ರೆ ಎಷ್ಟೊತ್ತಿಗೆ?" ಎಂದು ಸೆರಗಿನೊಳಗಿಂದಲೇ ಕೇಳಿದಳು ತಾಯಿ.

ನಾಳೆ ಹತ್ತು ಗಂಟೆಗೆ ಎಂದಾಯಿತು. ಸಂಜೆಯವರೆಗೆ, ರಾತ್ರಿ, ಯಾರು ಜೊತೆಗಿರಬೇಕು ಎಂದೂ ಮಾತಾಯಿತು. ದಿವ್ಯಶ್ರೀ ಹೊರಗೆ ಬಂದು ಬಾಗಿಲಲ್ಲಿ ನಿಂತಳು, ಕಣ್ಣು ಊದಿತ್ತು. ತಾಯಿ ಅವಳನ್ನು ಎಳೆದು ಪಕ್ಕಕ್ಕೆ ಕೂರಿಸಿಕೊಂಡು ಕೊಂಕಣಿಯಲ್ಲಿ ಏನೋ ಹೇಳಿದಳು. ಹುಡುಗಿ ತಲೆ ಆಡಿಸಿದಳು, ಆಮೇಲೆ ಲಕ್ಕಿಯ ಕಡೆ ನೋಡಿ, "ಲಕ್ಕಮ್ಮನೂ ಬರ್ಲಿ," ಎಂದಳು.

"ನಾ ಬಂದ್ರೆ ನೂರ ನಲವತ್ತು ಮಕ್ಕಳಿಗೆ ಅಡ್ಗೆ ಯಾರು ಮಾಡೂದೆ? ಹೊನ್ನಮ್ಮಗೆ ಸೊಂಟನೋವು," ಎಂದಳು ಲಕ್ಕಿ.

ಕ್ಲಾಸ್ ಟೀಚರ್ ಹೋಗುವುದು ಸರಿ, ನಾನೇ ಬರುತ್ತೇನೆ ಎಂಬ ಮಾತು ಜಯಶ್ರೀಯ ಬಾಯಿಯವರೆಗೆ ಬಂದಿತ್ತು. ವೈದ್ಯರ ಕೋಣೆಯ ಹೊರಗೆ ಬೆಂಚಿನ ಮೇಲೆ ಹುಡುಗಿಯ ಪಕ್ಕ ತಾನು ಕೂತಿರುವುದು ಕೂಡ ಕಣ್ಣಿಗೆ ಕಟ್ಟಿತ್ತು. ಯಾರೂ ಇವಳ ಕಡೆ ನೋಡುತ್ತಿರಲಿಲ್ಲ. "ಅಡ್ಗೆಮನೆ ನಾನು ನೋಡ್ಕೊಳ್ತೆ," ಎಂದಳು. ಹೇಳಿದ ಮೇಲೆ ಅದು ದೊಡ್ಡ ತ್ಯಾಗವೆಂದು ಯಾರಿಗಾದರೂ ಅನ್ನಿಸಿತೇ ಎಂದು ಮೂವರ ಮುಖವನ್ನೂ ಸುತ್ತು ನೋಡಿದಳು. ಲಕ್ಕಿ, "ಬೇಳೆ ಬೇಗ ಬೇಯ್ಸೂಕೆ ಹಾಕಿ ಮತ್ತೆ," ಎಂದಳು ಅಷ್ಟೇ.

ಗುರುವಾರ ಎಂಟೂವರೆಗೇ ಅವಳು ಶಾಲೆಗೆ ಬಂದಳು. ಹತ್ತನೆಯವರಿಗೆ ನಾಗಪತಿ ಸರ್ ತಾವೇ ಪಾಠ ಮಾಡುತ್ತೇನೆಂದಿದ್ದರು. ಹಳೆ ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿ ನಿಂತ ಅವಳಿಗೆ, ಈ ಅಡುಗೆಮನೆಗೆ ಹನ್ನೊಂದು ವರ್ಷದಲ್ಲಿ ತಾನು ಬಂದದ್ದು ಸಾರಿನ ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಲು ಮಾತ್ರ ಎಂದು ನೆನಪಾಯಿತು. ಪಾತ್ರೆ ಇಷ್ಟು ಭಾರವೆಂದು ಗೊತ್ತಿರಲಿಲ್ಲ. ಹೊನ್ನಮ್ಮ ಮೊದಮೊದಲು ಸಂಕೋಚಪಟ್ಟು, ಆಮೇಲೆ ನಿಧಾನಕ್ಕೆ ಅದು ಹಾಗಲ್ಲ ಹೀಗೆ ಎಂದು ತಿದ್ದತೊಡಗಿದಳು. ಕುಂಬಳಕಾಯಿ ಹೆಚ್ಚುವಾಗ ಹೋಳು ದಪ್ಪವಾಯಿತು, ಒಗ್ಗರಣೆಯ ಸಾಸಿವೆ ಸೀದುಹೋಯಿತು, ಬೆರಳಿಗೆ ಬಿಸಿ ತಾಗಿತು. ಹತ್ತು ಗಂಟೆಗೆ ಅವರು ಆಸ್ಪತ್ರೆ ಮುಟ್ಟಿರಬೇಕು. ಹನ್ನೊಂದಕ್ಕೆ ಕರೆದಿರಬೇಕು. ಒಳಗೆ ಹುಡುಗಿ ಯಾರ ಕೈ ಹಿಡಿದುಕೊಂಡಿರುತ್ತಾಳೆ? ತಾಯಿಯದೋ ಲಕ್ಕಿಯದೋ? ತಾಯಿಯದಿರಲಿ ದೇವರೇ ಎಂದು ಬೇಡಿಕೊಂಡಳು. ಬೇಡಿಕೊಂಡದ್ದರ ಅರ್ಧ ಹುಡುಗಿಗಾಗಿ, ಉಳಿದರ್ಧ ಯಾಕೆ ಎಂದು ಅವಳಿಗೆ ಚೆನ್ನಾಗಿ ತಿಳಿದಿತ್ತು. ಬಡಿಸುವಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಟ್ಟೆ ಹಿಡಿದು, "ಲಕ್ಕಮ್ಮ ಎಲ್ಲಿ?" ಎಂದಳು. ಹಿಂದಿನವಳೂ ಅದನ್ನೇ ಕೇಳಿದಳು. ಅವಳ ಹಿಂದಿನವನೂ.

ಒಂದೂವರೆಗೆ ಫೋನು ಬಂತು. ಹಿಂದೆ ಬಸ್ಸಿನ ಹಾರನ್ ಕೇಳುತ್ತಿತ್ತು.

"ಆತು ಅಕ್ಕೋರೆ," ಎಂದಳು ಲಕ್ಕಿ. "ಒಂದು ತಾಸು ಮಾತಾಡ್ತು ಡಾಕ್ಟ್ರತ್ರ. ಮೊದ್ಲು ಅದೊಂದೇ, ಆಮೇಲೆ ತಾಯಿನ ಕರ್ದ್ರು. ಮಾತ್ರೆ ಬರ್ದು ಕೊಟ್ಟಾರೆ. ಪ್ರತೀ ಗುರುವಾರ ಬರ್ಬೇಕಂತೆ, ಮೂರು ತಿಂಗಳು. ಈಗ ಇಲ್ಲಿ ಹೋಟ್ಲಲ್ಲಿ ಬನ್ಸ್ ತಿಂತದೆ, ಎರಡು ತಿಂತು."

ಜಯಶ್ರೀ ಕಣ್ಣು ಮುಚ್ಚಿಕೊಂಡಳು. ಎರಡು ತಿಂತು. ಇಷ್ಟು ಸಾಕು ಎಂದು ಅವಳಿಗೆ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು. ಆದರೂ ಬಾಯಿ ತಾನಾಗಿ ಕೇಳಿತು: "ನನ್ನ ಬಗ್ಗೆ ಎಂತಾದ್ರೂ ಕೇಳ್ತಾ ಅದು?"

ಕೇಳಿತು ಎಂದು ಹೇಳಲು ಲಕ್ಕಿಗೂ ಒಂದು ಉಸಿರು ಸಾಕಿತ್ತು.

"ಇಲ್ಲ ಅಕ್ಕೋರೆ."

"ಆತು," ಎಂದಳು ಜಯಶ್ರೀ. ಸುಟ್ಟ ಬೆರಳನ್ನು ಬಾಯಲ್ಲಿಟ್ಟು ತೆಗೆದಳು. ಒಲೆಯ ಹಿಂದೆ ಕೊನೆಯ ತಟ್ಟೆಗಳನ್ನು ಎಣಿಸುತ್ತಿದ್ದ ಹೊನ್ನಮ್ಮ ತಲೆ ಎತ್ತಿ ನೋಡಿದಳು. "ಬರೂ ಗುರುವಾರನೂ ನೀ ಅದ್ರ ಸಂಗ್ತಿಗೇ ಹೋಗು ಲಕ್ಕೀ. ಇಲ್ಲಿ ನಾ ಇರ್ತೆ. ಸಾಸಿವೆ ಮಾತ್ರ ಯಾವಾಗ ಹಾಕೂದು ಅಂತ ಹೇಳ್ಕೊಟ್ಟು ಹೋಗು."